"ನಾನು ಅಡ್ಮಿಷನ್ ಆಫೀಸಿನಲ್ಲೇ ಇದ್ದೆ" ಅನ್ನುವವರ ಮಾತನ್ನು ಎಷ್ಟು ನಂಬಬೇಕು? ಹಂತ ಹಂತವಾಗಿ ಪರೀಕ್ಷಿಸುವ ಬಗೆ

ಅಮೆರಿಕದ ಹೆಸರಾಂತ ಯೂನಿವರ್ಸಿಟಿಗಳಿಗೆ ಮಕ್ಕಳು ಅರ್ಜಿ ಹಾಕುತ್ತಿರುವ ಮನೆಗಳಲ್ಲಿ ಕೆಲವು ಮಾತುಗಳು ಸದಾ ಓಡಾಡುತ್ತಿರುತ್ತವೆ. "ರಿಸರ್ಚ್ ಪೇಪರ್ ಇಲ್ಲದಿದ್ದರೆ ಸ್ಟ್ಯಾನ್‌ಫರ್ಡ್‌ನವರು ಅರ್ಜಿ ತೆರೆದೂ ನೋಡಲ್ಲ." "ಎಸ್ಸೇಯ ಮೊದಲ ಸಾಲಲ್ಲೇ ತೀರ್ಮಾನ ಆಗಿಬಿಡುತ್ತೆ." "ಡಿಬೇಟ್ ಮಕ್ಕಳು ಜಾಸ್ತಿ ಆಗಿದ್ದಾರೆ, ಈ ಸಲ ಅವರು ಬೇಡವಂತೆ." ಯಾರು ಹೇಳಿದ್ದು ಅಂತ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ಅವರು ಒಳಗೇ ಕೆಲಸ ಮಾಡಿದವರು, ಅವರೇ ಹೇಳಿದ್ದು."

ಹೀಗೆ ಹೇಳುವವರಲ್ಲಿ ಎಲ್ಲರೂ ಸುಳ್ಳು ಹೇಳುತ್ತಾರೆ ಅಂತ ನಾನು ಹೇಳುವುದಿಲ್ಲ. ಬಹಳಷ್ಟು ಜನ ಕಂಡದ್ದನ್ನೇ ಹೇಳುತ್ತಾರೆ. ಆದರೆ ಕಂಡದ್ದಕ್ಕೆ ಊಹೆಯನ್ನು ಸೇರಿಸಿ, ಎರಡನ್ನೂ ಒಂದೇ ದನಿಯಲ್ಲಿ ಹೇಳಿಬಿಡುತ್ತಾರೆ. ಕೇಳುವವರಿಗೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಹಾಗಾಗಿ "ಇವರನ್ನು ನಂಬಬಹುದಾ?" ಅನ್ನುವ ಪ್ರಶ್ನೆಯನ್ನು ಪಕ್ಕಕ್ಕಿಡಿ. "ಇವರು ಕೂತಿದ್ದ ಜಾಗದಿಂದ ಈ ವಿಷಯ ಇವರಿಗೆ ಗೊತ್ತಾಗಲು ಸಾಧ್ಯವಿತ್ತಾ?" ಅಂತ ಕೇಳಿಕೊಳ್ಳಿ. ಕೆಳಗಿನದೆಲ್ಲ ಈ ಒಂದು ಪ್ರಶ್ನೆಗೆ ಉತ್ತರ ಹುಡುಕುವ ದಾರಿ.

1. ಅವರು ಕೂತಿದ್ದ ಕುರ್ಚಿ ಯಾವುದು?

"ಅಡ್ಮಿಷನ್‌ನಲ್ಲಿ ಇದ್ದೆ" ಅನ್ನುವ ಮಾತಿನೊಳಗೆ ಬಗೆಬಗೆಯ ಕೆಲಸಗಳು ಸೇರಿಕೊಂಡಿರುತ್ತವೆ. ಕಾಯಂ ಅಡ್ಮಿಷನ್ ಆಫೀಸರ್ ಇರಬಹುದು. ಅರ್ಜಿ ಓದುವ ತಿಂಗಳುಗಳಿಗಷ್ಟೇ ಕರೆಸಿಕೊಂಡ ಹಂಗಾಮಿ ಓದುಗರಿರಬಹುದು. ಇಂಟರ್‌ವ್ಯೂ ಮಾಡುವ ಹಳೆಯ ವಿದ್ಯಾರ್ಥಿ ಇರಬಹುದು. ಕ್ಯಾಂಪಸ್ ತೋರಿಸುವ ಟೂರ್ ಗೈಡ್ ಆಗಿದ್ದ ಹುಡುಗನೂ ಇರಬಹುದು. ಪ್ರತಿಯೊಬ್ಬರಿಗೂ ಕಾಣುವುದು ಬೇರೆ ಬೇರೆ.

ಇಂಟರ್‌ವ್ಯೂ ಮಾಡುವ ಹಳೆಯ ವಿದ್ಯಾರ್ಥಿಯನ್ನೇ ತಗೊಳ್ಳಿ. ಸಾಮಾನ್ಯವಾಗಿ ಅವರ ಕೈಗೆ ಅರ್ಜಿಯ ಫೈಲ್ ಬರುವುದಿಲ್ಲ. ಎಸ್ಸೇ, ಶಿಫಾರಸು ಪತ್ರ ಯಾವುದನ್ನೂ ಅವರು ನೋಡಿರುವುದಿಲ್ಲ. ಹುಡುಗಿಯ ಜೊತೆ ಮಾತಾಡಿ, ಒಂದು ವರದಿ ಬರೆದು ಕಳಿಸುತ್ತಾರೆ. ಕೊನೆಗೆ ಅವಳಿಗೆ ಸೀಟು ಸಿಕ್ಕಿತೋ ಇಲ್ಲವೋ ಅನ್ನುವುದು ತಿಳಿಯುತ್ತದೆ. ಯಾಕೆ ಅನ್ನುವುದು ತಿಳಿಯುವುದಿಲ್ಲ. ಆದರೂ ಹತ್ತು ವರ್ಷ ಇಂಟರ್‌ವ್ಯೂ ಮಾಡಿದವರಿಗೆ "ಇಂಥವರನ್ನು ತಗೋತಾರೆ" ಅನ್ನುವ ಗಟ್ಟಿ ನಂಬಿಕೆ ಬೆಳೆದಿರುತ್ತದೆ. ಅದು ಅವರ ಊಹೆ, ಒಳಗಿನ ಮಾಹಿತಿ ಏನಲ್ಲ.

ಪ್ರೊಫೆಸರ್‌ಗಳ ಮಾತಿನಲ್ಲಿ ಇನ್ನೊಂದು ಗೊಂದಲ. ಪಿಎಚ್‌ಡಿಗೆ ಯಾರನ್ನು ತಗೋಬೇಕು ಅಂತ ಡಿಪಾರ್ಟ್‌ಮೆಂಟಿನ ಪ್ರೊಫೆಸರ್‌ಗಳೇ ನಿರ್ಧರಿಸುತ್ತಾರೆ. ಪದವಿ ತರಗತಿಗೆ ಬಹುಪಾಲು ಕಡೆ ಅದಕ್ಕೇ ಅಂತ ಇರುವ ಆಫೀಸು ನಿರ್ಧರಿಸುತ್ತದೆ. ಎರಡೂ ಬೇರೆ ಲೋಕ. ಪಿಎಚ್‌ಡಿ ಅನುಭವವನ್ನು ಹನ್ನೆರಡನೇ ತರಗತಿಯ ಮಗುವಿಗೆ ಹಚ್ಚಿ ಹೇಳುವವರು ಸಿಕ್ಕೇ ಸಿಗುತ್ತಾರೆ.

ಇನ್ನು ನಿಜವಾದ ಅಡ್ಮಿಷನ್ ಆಫೀಸರ್. ಇವರಿಗೆ ಎಷ್ಟು ಕಾಣುತ್ತದೆ? ಹಾರ್ವರ್ಡ್ ವಿಷಯದಲ್ಲಿ ಇದಕ್ಕೆ ಒಳ್ಳೆಯ ಉತ್ತರವಿದೆ. ಏಷ್ಯನ್ ಮೂಲದ ಮಕ್ಕಳಿಗೆ ಆಯ್ಕೆಯಲ್ಲಿ ಅನ್ಯಾಯ ಮಾಡುತ್ತಿದೆ ಅಂತ 2014ರಲ್ಲಿ ಹಾರ್ವರ್ಡ್ ಮೇಲೆ ಒಂದು ಕೇಸು ಬಿತ್ತು. 2018ರ ಅಕ್ಟೋಬರ್‌ನಲ್ಲಿ ಬಾಸ್ಟನ್ನಿನ ಫೆಡರಲ್ ಕೋರ್ಟಿನಲ್ಲಿ ವಿಚಾರಣೆ ನಡೆದಾಗ ಒಳಗಿನ ಪದ್ಧತಿ ಸಾಕ್ಷಿಗಳ ಬಾಯಲ್ಲೇ ಹೊರಬಂತು. ಅರ್ಜಿಗಳನ್ನು ಊರು, ಪ್ರದೇಶದ ಪ್ರಕಾರ ಗುಂಪು ಮಾಡುತ್ತಾರೆ. ಮೊದಲ ಓದುಗರು ಓದು, ಚಟುವಟಿಕೆ, ಕ್ರೀಡೆ, ವ್ಯಕ್ತಿತ್ವ, ಒಟ್ಟಾರೆ ಅಭಿಪ್ರಾಯ ಅಂತ ಬೇರೆ ಬೇರೆ ಅಂಕ ಕೊಡುತ್ತಾರೆ. 1 ಅಂದರೆ ಅತ್ಯುತ್ತಮ, 6 ಅಂದರೆ ಕೊನೆ. ಆಮೇಲೆ ಆ ಪ್ರದೇಶದ ಉಪಸಮಿತಿ ಚರ್ಚಿಸುತ್ತದೆ. ಕೊನೆಗೆ ಸುಮಾರು 40 ಜನರ ಪೂರ್ಣ ಸಮಿತಿ ಕೂತು ಬಹುಮತದಿಂದ ತೀರ್ಮಾನ ಮಾಡುತ್ತದೆ.

ಈ ಕೊನೆಯ ಹಂತವನ್ನು ಸ್ವಲ್ಪ ಯೋಚಿಸಿ. 40 ಜನ ಮತ ಹಾಕುತ್ತಾರೆ. ಒಬ್ಬರಿಗೆ ಎಸ್ಸೇ ಹಿಡಿಸಿರಬಹುದು, ಇನ್ನೊಬ್ಬರಿಗೆ ಟೀಚರ್ ಪತ್ರ, ಮೂರನೆಯವರಿಗೆ ಪಕ್ಕದವರು ಮಾತಾಡಿದ ರೀತಿ. ಫಲಿತಾಂಶ ಒಂದೇ, ಕಾರಣ ಹಲವು. ಹೀಗಿರುವಾಗ "ಆ ಹುಡುಗನನ್ನು ಬಿಟ್ಟಿದ್ದು ಈ ಕಾರಣಕ್ಕೆ" ಅಂತ ಒಬ್ಬರು ಖಚಿತವಾಗಿ ಹೇಳಿದರೆ, ಆ ಖಚಿತತೆ ಎಲ್ಲಿಂದ ಬಂತು ಅಂತ ಕೇಳುವ ಹಕ್ಕು ನಿಮಗಿದೆ.

ಕೇಳಬೇಕಾದದ್ದು ಇಷ್ಟು: ಯಾವ ಯೂನಿವರ್ಸಿಟಿ? ಕೆಲಸದ ಹೆಸರೇನು? ಯಾವ ಪ್ರದೇಶದ ಅರ್ಜಿ ಓದುತ್ತಿದ್ದಿರಿ? ಕೊನೆಯ ತೀರ್ಮಾನದ ಕೋಣೆಯಲ್ಲಿ ಇದ್ದಿರಾ? ಪ್ರಾಮಾಣಿಕರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

2. ಯಾವ ವರ್ಷದ ಮಾತು?

ಇಲ್ಲಿ ಜಾಸ್ತಿ ಹೊತ್ತು ಬೇಡ, ಆದರೆ ಬಿಡಲೂ ಬೇಡಿ. ಕಳೆದ ಕೆಲವು ವರ್ಷಗಳಲ್ಲಿ ನಿಯಮಗಳು ಬುಡಸಮೇತ ಬದಲಾಗಿವೆ.

2020ರಲ್ಲಿ ಕೋವಿಡ್ ಬಂದಾಗ ಹೆಚ್ಚಿನ ಕಡೆ ಸ್ಯಾಟ್, ಎಸಿಟಿ ಅನ್ನುವ ಪ್ರವೇಶ ಪರೀಕ್ಷೆಗಳ ಅಂಕ ಕಡ್ಡಾಯವಲ್ಲ ಅಂದರು. 2022ರಲ್ಲಿ ಎಂಐಟಿ ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಕೂಡ ಪರೀಕ್ಷೆಯ ಅಂಕ ಬೇಕು ಅಂದವು. 2023ರ ಜೂನ್ 29ರಂದು ಸುಪ್ರೀಂ ಕೋರ್ಟ್, ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲೈನಾ ಯೂನಿವರ್ಸಿಟಿಗಳು ಆಯ್ಕೆಯಲ್ಲಿ ಜನಾಂಗವನ್ನು ಪರಿಗಣಿಸುತ್ತಿದ್ದ ಪದ್ಧತಿಯನ್ನು ತಳ್ಳಿಹಾಕಿತು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಕೊಡುವ ಆದ್ಯತೆ, ಅಂದರೆ ಲೆಗಸಿ, ಅದೂ ಕೆಲವು ಕಡೆ ಹೋಗಿದೆ. ಜಾನ್ಸ್ ಹಾಪ್‌ಕಿನ್ಸ್ ಬಿಟ್ಟಿದೆ, 2021ರಲ್ಲಿ ಆಮ್ಹರ್ಸ್ಟ್ ಬಿಟ್ಟಿತು. ಖಾಸಗಿ ಕಾಲೇಜುಗಳೂ ಲೆಗಸಿ ನೋಡಬಾರದು ಅಂತ ಕ್ಯಾಲಿಫೋರ್ನಿಯಾ 2024ರಲ್ಲಿ ಕಾನೂನು ಮಾಡಿತು.

ಹೀಗಾಗಿ 2017ರಲ್ಲಿ ಕೆಲಸ ಬಿಟ್ಟವರು ಹೇಳುವುದು 2017ರ ಮಾತು. ಅವರ ಪರಿಚಯದಲ್ಲಿ "ಮಾಜಿ" ಅಂತ ಇದ್ದರೆ, ಯಾವಾಗಿನಿಂದ ಮಾಜಿ ಅಂತ ನೋಡಿ. ಬಹಳ ಕಡೆ ಆ ವರ್ಷವನ್ನೇ ಹಾಕಿರುವುದಿಲ್ಲ!

3. ಮಾತನ್ನು ಪರೀಕ್ಷಿಸಬಹುದಾದ ರೂಪಕ್ಕೆ ತನ್ನಿ

"ಅವರಿಗೆ ನಿಜವಾದ ಆಸಕ್ತಿ ಇರುವವರು ಬೇಕು." ಕೇಳಲು ಚೆಂದ. ಆದರೆ ಈ ಮಾತು ತಪ್ಪಾಗುವುದು ಯಾವಾಗ? ಸೀಟು ಸಿಕ್ಕರೆ "ನೋಡಿ, ಆಸಕ್ತಿ ಇತ್ತು" ಅನ್ನುತ್ತಾರೆ. ಸಿಗದಿದ್ದರೆ "ಆಸಕ್ತಿ ನಿಜವಾದದ್ದಲ್ಲ ಅಂತ ಅವರಿಗೆ ಗೊತ್ತಾಯಿತು" ಅನ್ನುತ್ತಾರೆ. ಯಾವ ಫಲಿತಾಂಶ ಬಂದರೂ ಸರಿಯಾಗಿಯೇ ಉಳಿಯುವ ಮಾತಿನಿಂದ ನಿಮಗೆ ಏನೂ ತಿಳಿಯುವುದಿಲ್ಲ. "ಏನು ನಡೆದರೆ ನಿಮ್ಮ ಮಾತು ತಪ್ಪು ಅಂತ ಒಪ್ಪುತ್ತೀರಿ?" ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಅಲ್ಲಿಗೇ ಬಿಡಿ.

ಇದರ ಇನ್ನೊಂದು ರೂಪ, ಸೀಟು ಸಿಗದ ಮಗುವಿನ ಕಥೆ. "ಎಲ್ಲದರಲ್ಲೂ ಪೂರ್ತಿ ಅಂಕ. ಆದರೂ ಬಿಟ್ಟರು. ಯಾಕೆ ಗೊತ್ತಾ? ಎಸ್ಸೇಯಲ್ಲಿ ಅಜ್ಜಿಯ ಬಗ್ಗೆ ಬರೆದಿದ್ದಳು." ಇಂಥ ಕಥೆಗೆ ಬೆಲೆ ಬರುವುದು, ಪೂರ್ತಿ ಅಂಕ ಇದ್ದವರಿಗೆ ಸೀಟು ಸಿಗಬೇಕಿತ್ತು ಅಂತ ನಾವು ಮೊದಲೇ ಅಂದುಕೊಂಡಿರುವುದರಿಂದ. ಆ ಅಂದಾಜನ್ನೇ ಒರೆಗೆ ಹಚ್ಚಿ.

ಮೇಲೆ ಹೇಳಿದ ಹಾರ್ವರ್ಡ್ ಕೇಸಿನ ತೀರ್ಪಿನಲ್ಲಿ, 2019ರಲ್ಲಿ ಪದವಿ ಮುಗಿಸಬೇಕಿದ್ದ ಬ್ಯಾಚಿನ ಲೆಕ್ಕವಿದೆ. ಒಟ್ಟು ಸುಮಾರು 35,000 ಅರ್ಜಿ. ತರಗತಿಯಲ್ಲಿ ಜಾಗ ಇದ್ದದ್ದು ಸುಮಾರು 1,600. ಅರ್ಜಿ ಹಾಕಿದವರಲ್ಲಿ ಅಮೆರಿಕದೊಳಗಿನವರು ಸುಮಾರು 26,000. ಅವರಲ್ಲಿ ಸುಮಾರು 3,400 ಮಕ್ಕಳಿಗೆ ಸ್ಯಾಟ್ ಗಣಿತದಲ್ಲಿ ಪೂರ್ತಿ ಅಂಕ. ಸುಮಾರು 2,700 ಮಕ್ಕಳಿಗೆ ಭಾಷಾ ವಿಭಾಗದಲ್ಲಿ ಪೂರ್ತಿ ಅಂಕ. ಶಾಲೆಯ ಗ್ರೇಡಿನಲ್ಲಿ ಪೂರ್ತಿ ಅಂಕ ಇದ್ದವರು 8,000ಕ್ಕೂ ಹೆಚ್ಚು.

ಗಣಿತದಲ್ಲಿ ಪೂರ್ತಿ ಅಂಕ ತೆಗೆದವರನ್ನಷ್ಟೇ ಸೇರಿಸಿಕೊಂಡರೂ ಜಾಗ ಸಾಲದು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಹೊರಗೆ ಉಳಿಯುತ್ತಾರೆ. ಅಂದಮೇಲೆ ಒಂದು ಮಗು ಹೊರಗೆ ಉಳಿದದ್ದಕ್ಕೆ ಅಜ್ಜಿಯನ್ನು ಬಯ್ಯಬೇಕಾಗಿಲ್ಲ. ಸೀಟು ಸಿಗದಿರುವುದೇ ಅಲ್ಲಿನ ಸಾಮಾನ್ಯ ಸ್ಥಿತಿ. 2021ರಲ್ಲಿ ಹಾರ್ವರ್ಡ್‌ಗೆ ಬಂದ ಅರ್ಜಿ 57,435, ಕರೆದದ್ದು 1,968 ಮಕ್ಕಳನ್ನು. ಉಳಿದ 55,000ಕ್ಕೂ ಹೆಚ್ಚು ಮಕ್ಕಳಿಗೆ ಒಬ್ಬೊಬ್ಬರಿಗೂ ಒಂದು "ಗುಟ್ಟಿನ ಕಾರಣ" ಹುಡುಕುತ್ತಾ ಕೂತರೆ ಕಥೆಗಳೇನೋ ಬೇಕಾದಷ್ಟು ಹುಟ್ಟುತ್ತವೆ.

4. ಕಾಗದದ ಜೊತೆ ಹೋಲಿಸಿ

ಮೊದಲು ಕಾಮನ್ ಡೇಟಾ ಸೆಟ್. ಇದು ಅಮೆರಿಕದ ಕಾಲೇಜುಗಳು ಪ್ರತಿ ವರ್ಷ ಒಂದೇ ನಮೂನೆಯಲ್ಲಿ ತುಂಬುವ ಮಾಹಿತಿ ಪತ್ರ. ಬಹುತೇಕ ದೊಡ್ಡ ಸಂಸ್ಥೆಗಳು ಇದನ್ನು ತಮ್ಮ ವೆಬ್‌ಸೈಟಿನಲ್ಲೇ ಇಡುತ್ತವೆ. ಯೂನಿವರ್ಸಿಟಿಯ ಹೆಸರಿನ ಜೊತೆ ಈ ಹೆಸರನ್ನು ಸೇರಿಸಿ ಹುಡುಕಿದರೆ ಸಿಗುತ್ತದೆ. ಅದರಲ್ಲಿ ಸಿ7 ಅನ್ನುವ ಪಟ್ಟಿಗೆ ಹೋಗಿ. ಗ್ರೇಡು, ಎಸ್ಸೇ, ಶಿಫಾರಸು, ಇಂಟರ್‌ವ್ಯೂ, ಲೆಗಸಿ, ಅರ್ಜಿದಾರರು ತೋರಿಸಿದ ಆಸಕ್ತಿ, ಹೀಗೆ ಒಂದೊಂದರ ಮುಂದೆಯೂ "ಬಹಳ ಮುಖ್ಯ", "ಮುಖ್ಯ", "ಪರಿಗಣಿಸುತ್ತೇವೆ", "ಪರಿಗಣಿಸುವುದಿಲ್ಲ" ಅನ್ನುವ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕಿರುತ್ತಾರೆ.

ಯಾರಾದರೂ "ಕ್ಯಾಂಪಸ್ಸಿಗೆ ಹೋಗಿ ಬನ್ನಿ, ಅವರು ಕಳಿಸುವ ಪ್ರತಿ ಇಮೇಲ್ ತೆರೆಯಿರಿ, ಲೆಕ್ಕ ಇಡುತ್ತಾರೆ" ಅಂದರೆ, ನೀವು ಅರ್ಜಿ ಹಾಕುವ ಕಾಲೇಜಿನ ಪತ್ರದಲ್ಲಿ "ಆಸಕ್ತಿ" ಸಾಲನ್ನು ನೋಡಿ. ಕೆಲವು ಕಾಲೇಜುಗಳು ನಿಜಕ್ಕೂ ಲೆಕ್ಕ ಇಡುತ್ತವೆ. ಸ್ಟ್ಯಾನ್‌ಫರ್ಡ್, ಎಂಐಟಿಯಂಥವು ಪರಿಗಣಿಸುವುದಿಲ್ಲ ಅಂತಲೇ ಗುರುತು ಹಾಕುತ್ತಾ ಬಂದಿವೆ. ಎಂಐಟಿ ಲೆಗಸಿಯನ್ನೂ ನೋಡುವುದಿಲ್ಲ. ಎರಡು ನಿಮಿಷದ ಕೆಲಸ, ವಿಮಾನದ ಖರ್ಚು ಉಳಿಯಬಹುದು.

ಈ ಪಟ್ಟಿಗೂ ಮಿತಿ ಇದೆ. ಹಾರ್ವರ್ಡ್ ಹೆಚ್ಚುಕಮ್ಮಿ ಎಲ್ಲದಕ್ಕೂ "ಪರಿಗಣಿಸುತ್ತೇವೆ" ಅಂತ ಗುರುತು ಹಾಕಿ ಸುಮ್ಮನಾಗುತ್ತದೆ. ಕಾಲೇಜುಗಳು ಕೊಡುವ ಅಂಕಿಗಳನ್ನೂ ಕಣ್ಣುಮುಚ್ಚಿ ನಂಬಬೇಕಾಗಿಲ್ಲ. 2022ರಲ್ಲಿ ಕೊಲಂಬಿಯಾದ ಗಣಿತದ ಪ್ರೊಫೆಸರ್ ಮೈಕೆಲ್ ಥಾಡಿಯಸ್, ರ‍್ಯಾಂಕಿಂಗಿಗೆ ತಮ್ಮದೇ ಯೂನಿವರ್ಸಿಟಿ ಕೊಟ್ಟ ಅಂಕಿಗಳು ಸರಿಯಿಲ್ಲ ಅಂತ ಲೆಕ್ಕ ಸಮೇತ ತೋರಿಸಿದರು. ಎರಡನೇ ಸ್ಥಾನದಲ್ಲಿದ್ದ ಕೊಲಂಬಿಯಾ ಅದೇ ವರ್ಷ ಹದಿನೆಂಟಕ್ಕೆ ಇಳಿಯಿತು. ಇವರೂ ಒಳಗಿನವರೇ ಅನ್ನುವುದನ್ನು ಗಮನಿಸಿ. "ನಾನು ಒಳಗಿದ್ದೇನೆ, ನಂಬಿ" ಅನ್ನಲಿಲ್ಲ. ಯಾರು ಬೇಕಾದರೂ ತಾಳೆ ನೋಡಬಹುದಾದ ಲೆಕ್ಕವನ್ನು ಮುಂದಿಟ್ಟರು.

ಎರಡನೆಯದು ಕೋರ್ಟಿನ ಕಾಗದಗಳು ಮತ್ತು ಅವುಗಳಿಂದ ಹುಟ್ಟಿದ ಅಧ್ಯಯನಗಳು. ಹಾರ್ವರ್ಡ್ ಕೇಸಿನಲ್ಲಿ ಸಿಕ್ಕ ಮಾಹಿತಿಯ ಮೇಲೆ ಅರ್ಥಶಾಸ್ತ್ರಜ್ಞ ಪೀಟರ್ ಆರ್ಸಿಡಿಯಾಕೊನೊ ಮತ್ತು ಜೊತೆಗಾರರು 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸೀಟು ಸಿಕ್ಕ ಬಿಳಿಯ ವಿದ್ಯಾರ್ಥಿಗಳಲ್ಲಿ ಶೇ. 43ಕ್ಕೂ ಹೆಚ್ಚು ಮಂದಿ ನಾಲ್ಕು ಗುಂಪುಗಳಲ್ಲಿ ಒಂದಕ್ಕೆ ಸೇರಿದವರು ಅಂತ ಅದರಲ್ಲಿತ್ತು: ಆಟಗಾರರಾಗಿ ಆಯ್ಕೆಯಾದವರು, ಲೆಗಸಿ ಮಕ್ಕಳು, ದಾನಿಗಳ ಮಕ್ಕಳಂಥವರಿರುವ ಡೀನ್ ಅವರ ವಿಶೇಷ ಪಟ್ಟಿಯಲ್ಲಿದ್ದವರು, ಅಲ್ಲಿನ ಅಧ್ಯಾಪಕರು ಮತ್ತು ಸಿಬ್ಬಂದಿಯ ಮಕ್ಕಳು. 2023ರಲ್ಲಿ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ ಮಾಡಿದ ಅಧ್ಯಯನ ಇನ್ನೂ ವಿಶಾಲವಾದದ್ದು. ಐವಿ ಲೀಗ್ ಅನ್ನುವ ಹೆಸರಾಂತ ಗುಂಪಿನ ಎಂಟು ಹಾಗೂ ಅಂಥದ್ದೇ ಇನ್ನೂ ನಾಲ್ಕು ಯೂನಿವರ್ಸಿಟಿಗಳನ್ನು ಅವರು ನೋಡಿದರು. ಪರೀಕ್ಷೆಯಲ್ಲಿ ಒಂದೇ ಮಟ್ಟದ ಅಂಕ ಇದ್ದರೂ, ಮಧ್ಯಮ ವರ್ಗದ ಮಕ್ಕಳಿಗಿಂತ ಅತಿ ಶ್ರೀಮಂತ ಶೇ. 1ರಷ್ಟು ಮನೆಗಳ ಮಕ್ಕಳು ಅಲ್ಲಿಗೆ ಸೇರುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು.

ಇದನ್ನು ನೋಡಿದಾಗ ನನಗೆ ಅನಿಸಿದ್ದು ಹೇಳುತ್ತೇನೆ. ತೂಕ ಜಾಸ್ತಿ ಇರುವ ಸಂಗತಿಗಳು ಇವೇ. ಆದರೆ ಒಳಗಿನ ಗುಟ್ಟು ಮಾರುವವರ ಬಾಯಲ್ಲಿ ಇವು ಕೇಳಿಬರುವುದು ಕಡಿಮೆ. ಯಾಕೆಂದರೆ ಇವುಗಳನ್ನು ಕೋರ್ಸ್ ಮಾಡಿ ಮಾರಲು ಆಗುವುದಿಲ್ಲ. ನಿಮ್ಮ ಅಪ್ಪ ಅಮ್ಮ ಅಲ್ಲಿ ಓದಿಲ್ಲ ಅಂದರೆ ಓದಿಲ್ಲ, ಅಷ್ಟೇ. ಮಾರಲು ಆಗುವುದು ಎಸ್ಸೇಯ ಮೊದಲ ಸಾಲು. ಹಾಗಾಗಿ ಮಾತೆಲ್ಲ ಆ ಮೊದಲ ಸಾಲಿನ ಸುತ್ತಲೇ.

ಇನ್ನೊಂದು ಸಂಗತಿ. ಆ ಕೇಸಿನಲ್ಲಿ ಆರ್ಸಿಡಿಯಾಕೊನೊ ಹಾರ್ವರ್ಡ್ ವಿರುದ್ಧದ ತಜ್ಞ. ಹಾರ್ವರ್ಡ್ ಪರ ಇದ್ದವರು ಡೇವಿಡ್ ಕಾರ್ಡ್, 2021ರಲ್ಲಿ ನೊಬೆಲ್ ಪಡೆದವರು. ಇಬ್ಬರ ಕೈಯಲ್ಲೂ ಒಂದೇ ಮಾಹಿತಿ, ಆರು ವರ್ಷಗಳ ಅರ್ಜಿಗಳದ್ದು. ಒಬ್ಬರು ವ್ಯಕ್ತಿತ್ವದ ಅಂಕವನ್ನು ಲೆಕ್ಕದಿಂದ ಹೊರಗಿಟ್ಟರು, ಇನ್ನೊಬ್ಬರು ಸೇರಿಸಿಕೊಂಡರು. ಏಷ್ಯನ್ ಮೂಲದ ಮಕ್ಕಳಿಗೆ ಅನ್ಯಾಯ ಆಗುತ್ತಿದೆಯಾ ಅನ್ನುವ ಪ್ರಶ್ನೆಗೆ ಎರಡು ವಿರುದ್ಧ ಉತ್ತರ ಬಂತು. ಪೂರ್ತಿ ಮಾಹಿತಿ ಹರವಿಕೊಂಡು ಕೂತ ಇಂಥವರೇ ಒಪ್ಪದ ಕಡೆ, ಎರಡು ಸೀಸನ್ ಅರ್ಜಿ ಓದಿದ ಒಬ್ಬರ ನೆನಪು ಎಷ್ಟು ಗಟ್ಟಿ ಇರಬಹುದು, ಅಲ್ವಾ?

5. "ನಮ್ಮ ಮಕ್ಕಳಲ್ಲಿ ಇಷ್ಟು ಜನಕ್ಕೆ ಸಿಕ್ಕಿತು" ಅಂದಾಗ

ಇಲ್ಲಿ ಪೆನ್ನು ಕಾಗದ ತಗೊಳ್ಳಿ. ಒಬ್ಬ ಕನ್ಸಲ್ಟೆಂಟ್ "ನನ್ನ ಹತ್ತಿರ ಬಂದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳಿಗೆ ಟಾಪ್ ಯೂನಿವರ್ಸಿಟಿ ಸಿಕ್ಕಿದೆ" ಅನ್ನುತ್ತಾರೆ ಅಂದುಕೊಳ್ಳಿ. ಅಲ್ಲಿನ ಆಯ್ಕೆ ಪ್ರಮಾಣ ಶೇ. 5ರ ಆಸುಪಾಸು ಇರುವಾಗ ಇದು ಪವಾಡದ ಹಾಗೆ ಕಾಣುತ್ತದೆ.

ಈಗ ಲೆಕ್ಕ. ಒಂದು ಮಗು ಇಂಥ 12 ಕಡೆ ಅರ್ಜಿ ಹಾಕುತ್ತದೆ. ಪ್ರತಿ ಕಡೆಯೂ ಸಿಗುವ ಸಾಧ್ಯತೆ ಬರೀ ಶೇ. 5 ಅಂತಲೇ ಇಟ್ಟುಕೊಳ್ಳಿ. ಒಂದು ಕಡೆ ಸಿಗದಿರುವ ಸಾಧ್ಯತೆ 0.95. ಹನ್ನೆರಡೂ ಕಡೆ ಸಿಗದಿರುವ ಸಾಧ್ಯತೆ ಬೇಕಾದರೆ 0.95 ಅನ್ನು ಹನ್ನೆರಡು ಸಲ ಗುಣಿಸಬೇಕು. ಬರುವುದು ಸುಮಾರು 0.54. ಅಂದರೆ ಎಲ್ಲಾದರೂ ಒಂದು ಕಡೆ ಸಿಗುವ ಸಾಧ್ಯತೆ ಶೇ. 46. ಯಾರ ಸಲಹೆಯೂ ಇಲ್ಲದೆ, ಯಾವ ಗುಟ್ಟೂ ಇಲ್ಲದೆ! ನಿಜದಲ್ಲಿ ಒಂದು ಕಡೆ ಬೇಡವಾದ ಅರ್ಜಿ ಇನ್ನೊಂದು ಕಡೆಯೂ ಬೇಡವಾಗುವುದು ಜಾಸ್ತಿ, ಹಾಗಾಗಿ ಈ ಲೆಕ್ಕ ಸ್ವಲ್ಪ ಉದಾರವಾದದ್ದು. ಆದರೆ ಕನ್ಸಲ್ಟೆಂಟ್ ಹತ್ತಿರ ಹೋಗುವ ಮಕ್ಕಳು ಮೊದಲೇ ಚೆನ್ನಾಗಿ ಓದುವವರು, ದುಡ್ಡಿರುವ ಮನೆಯವರು. ಅದು ಸಾಧ್ಯತೆಯನ್ನು ಮೇಲಕ್ಕೆ ತಳ್ಳುತ್ತದೆ.

ಹೀಗೆ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಯಶಸ್ಸು ಜಾಹೀರಾತಿನಲ್ಲಿ ಬರುತ್ತದೆ. ಆದ್ದರಿಂದ ಕೇಳಿ: ಒಟ್ಟು ಎಷ್ಟು ಮಕ್ಕಳು ಬಂದಿದ್ದರು? ಮಧ್ಯದಲ್ಲಿ ಬಿಟ್ಟವರನ್ನು ಎಣಿಸಿದ್ದೀರಾ? "ಟಾಪ್" ಅಂದರೆ ಯಾವ್ಯಾವುದು? ಬರೀ ಒಂದು ಸಲ ಎಸ್ಸೇ ತೋರಿಸಿ ಹೋದವರನ್ನೂ "ನಮ್ಮ ವಿದ್ಯಾರ್ಥಿ" ಅನ್ನುತ್ತೀರಾ?

"ಮುಂಚೆಯೇ ಅರ್ಜಿ ಹಾಕಿದರೆ ಸಾಧ್ಯತೆ ಎರಡು ಪಟ್ಟು" ಅನ್ನುವುದಕ್ಕೂ ಇದೇ ಔಷಧ. ಮೊದಲ ಸುತ್ತಿನ ಆಯ್ಕೆ ಪ್ರಮಾಣ ಹೆಚ್ಚಿರುವುದು ನಿಜ. ಆದರೆ ಕೋಚ್‌ಗಳು ಮೊದಲೇ ಆರಿಸಿಕೊಂಡ ಆಟಗಾರರು, ಲೆಗಸಿ ಮಕ್ಕಳು ಆ ಸುತ್ತಿನಲ್ಲೇ ಹೆಚ್ಚು. ಆ ಪ್ರಮಾಣ ಪೂರ್ತಿ ನಿಮ್ಮ ಮಗುವಿಗೆ ಅನ್ವಯಿಸುವುದಿಲ್ಲ.

ಇನ್ನು "ಸೀಟು ಸಿಗದಿದ್ದರೆ ದುಡ್ಡು ವಾಪಸ್" ಅನ್ನುವ ಮಾತು. ಇದರ ಕೆಲಸ ಹೀಗೆ: ಹತ್ತು ಮಕ್ಕಳಿಂದ ತಲಾ 5,000 ಡಾಲರ್ ತಗೊಂಡು ಏನೂ ಮಾಡದೆ ಸುಮ್ನೆ ಕೂತರೂ ಸಾಕು. ಇಬ್ಬರಿಗೆ ಅವರ ಸ್ವಂತ ಬಲದಿಂದಲೇ ಸಿಗುತ್ತದೆ. ಎಂಟು ಜನರ ದುಡ್ಡನ್ನು ಗೌರವವಾಗಿ ವಾಪಸ್ ಕೊಟ್ಟರೆ ಅವರೂ "ಪ್ರಾಮಾಣಿಕ ಮನುಷ್ಯ" ಅನ್ನುತ್ತಾರೆ. ಉಳಿದ 10,000 ಡಾಲರ್ ಜೇಬಿಗೆ.

6. "ನನಗೆ ಒಳಗೆ ಕನೆಕ್ಷನ್ ಇದೆ" ಅಂದರೆ ಎದ್ದು ಬನ್ನಿ

ಇದಕ್ಕೆ ಪರೀಕ್ಷೆಯೇ ಬೇಡ. ಕನೆಕ್ಷನ್ ಸುಳ್ಳಾದರೆ ದುಡ್ಡು ಹೋಯಿತು. ನಿಜವಾದರೆ ಇನ್ನೂ ಕೆಟ್ಟದ್ದು. 2019ರ ಮಾರ್ಚ್‌ನಲ್ಲಿ ಬಯಲಾದ ವಾರ್ಸಿಟಿ ಬ್ಲೂಸ್ ಪ್ರಕರಣ ಇಂಥದ್ದೇ. ರಿಕ್ ಸಿಂಗರ್ ಅನ್ನುವ ಕನ್ಸಲ್ಟೆಂಟ್ "ಪಕ್ಕದ ಬಾಗಿಲು" ಅಂತ ಹೇಳಿ ಪೋಷಕರಿಂದ ದುಡ್ಡು ಪಡೆಯುತ್ತಿದ್ದ. ಕ್ರೀಡಾ ಕೋಚ್‌ಗಳಿಗೆ ಲಂಚ ಕೊಟ್ಟು, ಆಟವೇ ಆಡದ ಮಕ್ಕಳನ್ನು ಆಟಗಾರರು ಅಂತ ತೋರಿಸುತ್ತಿದ್ದ. ಪರೀಕ್ಷೆಯಲ್ಲೂ ಮೋಸ ಮಾಡಿಸುತ್ತಿದ್ದ. ಮೊದಲ ದಿನವೇ ಆರೋಪಿಗಳ ಪಟ್ಟಿಯಲ್ಲಿ 50 ಜನ, ಅವರಲ್ಲಿ 33 ಮಂದಿ ಪೋಷಕರು. ಹಲವು ಅಪ್ಪ ಅಮ್ಮಂದಿರು ಜೈಲು ಕಂಡರು. 2023ರ ಜನವರಿಯಲ್ಲಿ ಸಿಂಗರ್‌ಗೆ ಮೂರೂವರೆ ವರ್ಷ ಶಿಕ್ಷೆ ಆಯಿತು.

7. ಉಳಿದ ಸಲಹೆಯನ್ನು ಖರ್ಚಿನಿಂದ ತೂಗಿ

ಇಷ್ಟು ಜರಡಿ ಹಿಡಿದ ಮೇಲೂ ಕೆಲವು ಸಲಹೆ ಉಳಿಯುತ್ತವೆ. ಅದು ಸರಿಯೋ ತಪ್ಪೋ ಅಂತ ತೀರ್ಮಾನ ಆಗದಿದ್ದರೆ, ಪಾಲಿಸಿದರೆ ಏನು ಖರ್ಚು ಅಂತ ನೋಡಿ. "ಎಸ್ಸೇಯನ್ನು ಗಟ್ಟಿಯಾಗಿ ಓದಿ ತಿದ್ದಿ" ಅನ್ನುವುದಕ್ಕೆ ಖರ್ಚಿಲ್ಲ, ಸುಳ್ಳಾದರೂ ನಷ್ಟ ಇಲ್ಲ. "ನಿಮ್ಮನ್ನು ಚೆನ್ನಾಗಿ ಬಲ್ಲ ಟೀಚರ್ ಹತ್ತಿರ ಪತ್ರ ಬರೆಸಿ" ಅನ್ನುವುದೂ ಹಾಗೆಯೇ. "ಎರಡು ಬೇಸಿಗೆ ಈ ರಿಸರ್ಚ್ ಪ್ರೋಗ್ರಾಂ ಮಾಡಿಸಿ, ಇಷ್ಟು ಸಾವಿರ ಡಾಲರ್" ಅಂದರೆ ಅಲ್ಲಿ ನಿಲ್ಲಿ. ಮಗುವಿನ ಎರಡು ಬೇಸಿಗೆಯೂ ಹೋಗುತ್ತದೆ, ದುಡ್ಡೂ ಹೋಗುತ್ತದೆ. ಹೇಳುವವರಿಗೆ ಆ ಪ್ರೋಗ್ರಾಮಿನಿಂದ ಕಮಿಷನ್ ಇದೆಯಾ ಅಂತ ನೇರವಾಗಿ ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ. ವಾಲಿಬಾಲ್ ಇಷ್ಟಪಡುವ ಹುಡುಗಿಯನ್ನು "ಅದು ಈಗ ನಡೆಯಲ್ಲ" ಅಂತ ಬಿಡಿಸಿ, ಇಷ್ಟವಿಲ್ಲದ ಕಡೆ ತಳ್ಳುವ ಸಲಹೆಗೆ ಇನ್ನೂ ಗಟ್ಟಿ ಪುರಾವೆ ಬೇಕು. ಅಂಥ ಪುರಾವೆ ಯಾರಾದರೂ ಕೊಟ್ಟದ್ದನ್ನು ನಾನು ಕಂಡಿಲ್ಲ.

ಸಲಹೆ ಕೊಡುವವರ ಬಾಯಲ್ಲಿ "ಅದು ನನಗೆ ಗೊತ್ತಿಲ್ಲ, ನಮ್ಮ ಆಫೀಸಿನಲ್ಲಿ ಹೀಗಿತ್ತು, ಬೇರೆ ಕಡೆ ಹೇಗೋ" ಅನ್ನುವ ಮಾತು ಬಂದರೆ, ಅವರು ಹೇಳುವ ಉಳಿದದ್ದನ್ನು ಗಮನವಿಟ್ಟು ಕೇಳಿ.

8. ಸೀಟು ಸಿಕ್ಕಿ ಸೇರಿದ ಮೇಲೆ

ಕುತೂಹಲ ಇನ್ನೂ ಉಳಿದಿದ್ದರೆ ಒಂದು ಕಾನೂನು ದಾರಿ ಇದೆ. ಅಮೆರಿಕದಲ್ಲಿ 1974ರ ಫರ್ಪಾ ಕಾನೂನಿನ ಪ್ರಕಾರ, ಸೇರಿದ ವಿದ್ಯಾರ್ಥಿ ತನ್ನ ದಾಖಲೆಗಳನ್ನು ನೋಡಲು ಕೇಳಬಹುದು. ಯೂನಿವರ್ಸಿಟಿ 45 ದಿನಗಳೊಳಗೆ ತೋರಿಸಬೇಕು. 2015ರಲ್ಲಿ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು ಈ ದಾರಿ ಹಿಡಿದ ಮೇಲೆ ಬೇರೆ ಕಡೆಯವರೂ ಕೇಳತೊಡಗಿದರು. ಕೆಲವು ಸಂಸ್ಥೆಗಳು ಎಚ್ಚೆತ್ತು, ಓದುಗರ ಟಿಪ್ಪಣಿಗಳನ್ನು ಇಟ್ಟುಕೊಳ್ಳುವುದನ್ನೇ ನಿಲ್ಲಿಸಿದವು. ಹಾಗಾಗಿ ಎಲ್ಲ ಕಡೆಯೂ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ಅರ್ಜಿ ಹಾಕುವಾಗ ಹಕ್ಕು ಬಿಟ್ಟುಕೊಟ್ಟಿದ್ದರೆ ಶಿಫಾರಸು ಪತ್ರಗಳು ಕಾಣಿಸುವುದಿಲ್ಲ. ಸೀಟು ಸಿಗದವರಿಗೆ ಈ ಹಕ್ಕೇ ಇಲ್ಲ. ಕೇಳುವುದಾದರೆ ರಿಜಿಸ್ಟ್ರಾರ್ ಅಥವಾ ಅಡ್ಮಿಷನ್ ಆಫೀಸಿಗೆ ಬರಹದಲ್ಲಿ ಕೇಳಿ, "ಓದುಗರ ಟಿಪ್ಪಣಿ ಮತ್ತು ಅಂಕಗಳು ಸೇರಿದಂತೆ" ಅಂತ ಸ್ಪಷ್ಟವಾಗಿ ಬರೆಯಿರಿ. ಸಿಕ್ಕ ಫೈಲಿನಲ್ಲಿ ಕೆಲವು ಅಂಕಿ, ಒಂದೆರಡು ಸಾಲಿನ ಟಿಪ್ಪಣಿ ಇರಬಹುದು. ಸಮಿತಿ ಯಾಕೆ ಒಪ್ಪಿತು ಅನ್ನುವ ಕಾಲಂ ಮಾತ್ರ ಅದರಲ್ಲಿ ಹುಡುಕಬೇಡಿ.